ಅರಳಿಕಟ್ಟೆಯ ಬೆಳಕಿಗೊಂದು ಕ್ಯಾಮೆರಾ

ನಮ್ಮ ಯಜಮಾನರಿಗೆ ಯಾವುದನ್ನೂ ಸುಮ್ಮನೆ ಕೊಂಡು ಗೊತ್ತಿಲ್ಲ. ಸಂತೆಯಲ್ಲಿ ಬದನೆಕಾಯಿ ಕೊಳ್ಳಬೇಕಾದರೂ ಒಂದೊಂದನ್ನೂ ತಿರುಗಿಸಿ, ತೊಟ್ಟು ಹಿಸುಕಿ, ಬೆಳಕಿಗೆ ಹಿಡಿದು ನೋಡಿ, ಕೊನೆಗೆ ಮಾರುವವಳು ಬೈದಳೆಂದು ಮುನಿಸಿಕೊಂಡು ಬರಿಗೈಯಲ್ಲಿ ಮನೆಗೆ ಬರುವ ಆಸಾಮಿ. ನನ್ನನ್ನು ನೋಡಲು ಬಂದಾಗಲೂ ಹೀಗೇ ತಿರುಗಿಸಿ ನೋಡಿದ್ದರು ಎಂದು ನಾನು ನೆಂಟರ ಮುಂದೆಲ್ಲ ಹೇಳುತ್ತಿದ್ದೆ. ಅವರು ತಲೆ ತಗ್ಗಿಸಿ ನಗುತ್ತಿದ್ದರು. ಅಂಥವರು ಕ್ಯಾಮೆರಾ ಕೊಳ್ಳಲು ಹೊರಟರೆ ಏನಾಗಬೇಡ, ನೀವೇ ಹೇಳಿ.

ಹೆಸರು ಭೀಮರಾಜು. ಹೆಸರಲ್ಲಿ ಮಾತ್ರ ಭೀಮ, ಆಳು ನರಪೇತಲ. ಶೆಟ್ಟಿಕೆರೆಯಲ್ಲಿ ಬಸ್ಸು ನಿಲ್ಲುವ ಕಡೆ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದಾರೆ. ಸುತ್ತಲಿನ ತೋಟಗಳಲ್ಲಿ ಸುಟ್ಟುಹೋದ ಪಂಪಿನ ಮೋಟಾರುಗಳೆಲ್ಲ ಅಲ್ಲಿಗೇ ಬರುತ್ತವೆ. ಹಳೆಯ ತಾಮ್ರದ ತಂತಿ ಬಿಚ್ಚಿ ಹೊಸದನ್ನು ಸುತ್ತುವುದು ಅವರ ಕಸುಬು. ಮನೆಯಲ್ಲಿ ಇನ್ನೊಂದು ಕಸುಬು, ಕಿರ್ ಅನ್ನುವುದಕ್ಕೆಲ್ಲ ಎಣ್ಣೆ ಬಿಡುವುದು. ಬಾಗಿಲ ತಿರುಗಣಿ, ಟ್ರಂಕಿನ ಬೀಗ, ನನ್ನ ಹೊಲಿಗೆ ಮಿಷನ್ನು, ನಮ್ಮತ್ತೆಯ ಅಡಕತ್ತರಿ, ಎಲ್ಲಕ್ಕೂ ಒಂದೇ ಔಷಧಿ: ಕೊಬ್ಬರಿ ಎಣ್ಣೆ. ನಮ್ಮ ಕಡೆ ಅದೇನೂ ವಿಶೇಷವಲ್ಲ. ಅಟ್ಟದ ತುಂಬ ಕಾಯಿ ಇರುವ ಮನೆಗಳು. ಕೊಬ್ಬರಿ ಸುಲಿಯುವಾಗ ಒಡೆದುಹೋದ ಚೂರನ್ನೆಲ್ಲ ಮಿಲ್ಲಿಗೆ ಕೊಟ್ಟು ಎಣ್ಣೆ ಮಾಡಿಸಿ ಡಬ್ಬದಲ್ಲಿ ತುಂಬಿಟ್ಟುಕೊಳ್ಳುತ್ತೇವೆ. ತಲೆಗೂ ಅದೇ, ದೀಪಕ್ಕೂ ಅದೇ, ಬಾಗಿಲಿಗೂ ಅದೇ.

ಅವರ ವಿಷಯ ಹೇಳಿದ ಮೇಲೆ ನನ್ನ ಬಾಯಿಯ ವಿಷಯವನ್ನೂ ಹೇಳಬೇಕು. ನಾನು ವನಜಾ. ನಾನು ನಕ್ಕರೆ ಮೂರನೇ ಮನೆಗೆ ಕೇಳುತ್ತದೆ ಅನ್ನುತ್ತಾರೆ ನಮ್ಮತ್ತೆ ಪುಟ್ಟಗಂಗಮ್ಮ. ಒಂದು ಸಲ ನಮ್ಮವರು ಗಂಗಯ್ಯನವರ ತೋಟದ ಮೋಟಾರನ್ನು ಉಲ್ಟಾ ತಿರುಗುವ ಹಾಗೆ ಜೋಡಿಸಿ ಬಂದಿದ್ದರು. ಪಾಪ, ಆ ಮುದುಕ ಕಾಲುವೆಯ ಪಕ್ಕ ಗುದ್ದಲಿ ಹಿಡಿದು ಇಡೀ ದಿನ ನೀರಿಗೆ ಕಾದಿದ್ದ. ಅದನ್ನು ನಾನು ಗಂಗಯ್ಯನ ಹಾಗೆಯೇ ಕುಕ್ಕರಗಾಲಲ್ಲಿ ಕೂತು ತೋರಿಸಿ ಹೇಳಿದರೆ ಹೆಂಗಸರು ಹೊಟ್ಟೆ ಹಿಡಿದುಕೊಳ್ಳುತ್ತಿದ್ದರು. ಕೇಳಿದವರಿಗೆಲ್ಲ ಹೇಳಿದೆ, ಕೇಳದವರಿಗೂ ಹೇಳಿದೆ. ಗಂಡನನ್ನು ಆಡಿಕೊಳ್ಳದೆ ಇನ್ಯಾರನ್ನು ಆಡಿಕೊಳ್ಳುವುದು?

ಧನುರ್ಮಾಸ ಬಂತೆಂದರೆ ನಮ್ಮೂರ ಹೆಂಗಸರು ಬೆಳಕು ಹರಿಯುವ ಮೊದಲೇ ತಲೆಗೆ ನೀರು ಹಾಕಿಕೊಂಡು ಅರಳಿಕಟ್ಟೆಗೆ ಹೋಗುತ್ತೇವೆ. ಕಟ್ಟೆ ಇರುವುದು ಕೆರೆ ಏರಿಯ ಪಕ್ಕದಲ್ಲಿ. ಒದ್ದೆ ಕೂದಲಿನ ತುದಿಗೆ ಗಂಟು ಹಾಕಿ, ಕೈಯಲ್ಲಿ ದೀಪ ಹಿಡಿದು ಮರ ಸುತ್ತಬೇಕು, ನಾಗರಕಲ್ಲಿಗೆ ನೀರೆರೆಯಬೇಕು. ಸ್ವೆಟರು, ಕಿವಿಗೆ ಬಟ್ಟೆ, ಇವೆಲ್ಲ ಅಲ್ಲಿ ಇಲ್ಲ. ಕಟ್ಟಿಕೊಂಡು ಹೋದರೆ ನಮ್ಮತ್ತೆಯಂಥವರು ನೋಡುವ ನೋಟಕ್ಕಿಂತ ಚಳಿಯೇ ವಾಸಿ.

ಎರಡು ವರ್ಷದ ಹಿಂದೆ ಒಂದು ದಿನ ನನ್ನ ಕಾಲು ಉಳುಕಿತ್ತೆಂದು ಅವರೇ ಬೈಕಿನಲ್ಲಿ ಕರೆತಂದರು. ಆ ಹೊತ್ತಿನಲ್ಲಿ ಗಂಡಸರು ಕಟ್ಟೆಯ ಹತ್ತಿರ ಸುಳಿಯುವುದಿಲ್ಲ; ಅವರು ದೂರದ ಹುಣಸೆಮರದ ಕೆಳಗೆ ಕಾದಿದ್ದರು. ನಾನು ಸುತ್ತು ಮುಗಿಸಿ, ಗಾಳಿಗೆ ಆರದ ಹಾಗೆ ದೀಪಕ್ಕೆ ಕೈ ಮರೆ ಮಾಡಿಕೊಂಡು ಅವರ ಹತ್ತಿರ ಬಂದೆ. ಮನುಷ್ಯ ಬೈಕ್ ಸ್ಟಾರ್ಟ್ ಮಾಡದೆ ನನ್ನನ್ನೇ ನೋಡುತ್ತಾ ನಿಂತರು. ಏನ್ರೀ ಎಂದೆ.

“ಏನಿಲ್ಲ ಕಣೇ. ನಿನ್ನ ಮುಖ ಹಿಂಗೈತೆ ಅಂತ ನಂಗೆ ಗೊತ್ತೇ ಇರ್ಲಿಲ್ಲ” ಅಂದರು.

ಮದುವೆಯಾಗಿ ಇಪ್ಪತ್ತು ವರ್ಷದ ಮೇಲಾಗಿತ್ತು. ಸದ್ಯ, ಈಗಲಾದರೂ ಕಂಡಿತಲ್ಲ ಎಂದು ಬಾಯಿಗೆ ಬಂದದ್ದನ್ನು ಅಂದೆ. ಆದರೆ ಮನೆ ಸೇರುವವರೆಗೂ ನನ್ನ ಎದೆ ಒಂದು ಥರ ಆಗಿತ್ತು.

ನಾನು ಕಪ್ಪು. ಮದುವೆ ಆಲ್ಬಮ್ಮಿನಲ್ಲಿ ಫೋಟೋದವನು ಪೌಡರ್ ಬಳಿಸಿ, ದೊಡ್ಡ ಲೈಟು ಬಿಟ್ಟು ನನ್ನನ್ನು ಸುಣ್ಣದ ಗೋಡೆ ಮಾಡಿಟ್ಟಿದ್ದಾನೆ. ಈಗಿನ ಮೊಬೈಲುಗಳೂ ಅದೇ ಜಾತಿ. ಮಾರನೆಯ ದಿನ ಅವರು ತಮ್ಮ ಫೋನಿನಲ್ಲಿ ತೆಗೆದರೆ ಬೆಳಗಿನ ಜಾವವೇ ಹಗಲಾಗಿ, ನಾನು ಯಾರೋ ಬಿಳಿ ಹೆಂಗಸಾಗಿದ್ದೆ. ಫ್ಲ್ಯಾಶ್ ಹಾಕಿದರೆ ದೀಪ ಸತ್ತೇ ಹೋಗುತ್ತಿತ್ತು, ನನ್ನ ಕಣ್ಣು ಬೆಕ್ಕಿನ ಕಣ್ಣಾಗುತ್ತಿತ್ತು. ಇದಲ್ಲ, ಇದಲ್ಲ ಎಂದು ಅವರು ತಲೆ ಕೆರೆದುಕೊಂಡರು. ಅವತ್ತು ಕಂಡ ಮುಖ, ಅದೇ ಬಣ್ಣದಲ್ಲಿ, ಅದೇ ದೀಪದ ಬೆಳಕಿನಲ್ಲಿ ಬೇಕಂತೆ. ಅಲ್ಲಿಗೆ ಶುರುವಾಯಿತು ಕ್ಯಾಮೆರಾ ಹುಡುಕಾಟ.

ಆ ವರ್ಷವಿಡೀ ನಮ್ಮ ಮನೆಯಲ್ಲಿ ಬೇರೆ ಮಾತಿಲ್ಲ. ಕ್ಯಾಮೆರಾ ಸ್ವೆಟರಿನ ಜೇಬಿಗೆ ಹಿಡಿಸುವಷ್ಟು ಸಣ್ಣದಿರಬೇಕು, ದೊಡ್ಡದು ಹಿಡಿದು ನಿಂತರೆ ಹೆಂಗಸರು ಬಿಂದಿಗೆಯಲ್ಲೇ ಹೊಡೆದಾರು. ಕತ್ತಲಲ್ಲಿ ಫ್ಲ್ಯಾಶ್ ಇಲ್ಲದೆ ತೆಗೆಯಬೇಕು. ಚಳಿ ತಡೆಯಬೇಕು. ಮೂರೂ ಒಂದರಲ್ಲೇ ಸಿಗುವುದಿಲ್ಲ ಎನ್ನುವುದೇ ತಲೆನೋವು. ನೀರಿಗೆ ಬಿದ್ದರೂ ಮಂಜಿನಲ್ಲಿ ಹೂತರೂ ಏನೂ ಆಗದ ಗಟ್ಟಿ ಕ್ಯಾಮೆರಾಗಳಿವೆಯಂತೆ, ಆದರೆ ಕತ್ತಲಲ್ಲಿ ಅವು ತೆಗೆದ ಚಿತ್ರ ರಾಗಿ ಹಿಟ್ಟು ಉದುರಿಸಿದ ಹಾಗೆ ಬರುತ್ತದಂತೆ. ಕತ್ತಲಲ್ಲಿ ಚೆನ್ನಾಗಿ ತೆಗೆಯುವವು ಸೂಕ್ಷ್ಮವಂತೆ. ಊಟಕ್ಕೆ ಕೂತರೂ ಎದುರಿಗೆ ಫೋನು. ಅದರಲ್ಲಿ ಮೂಗು ಕೆಂಪಾದ ಯಾರೋ ಪರದೇಶದ ದೊರೆಗಳು ಹಿಮದಲ್ಲಿ ನಿಂತು, ಚಳಿಯಲ್ಲಿ ಬ್ಯಾಟರಿ ಸಾಯುತ್ತದೆ, ಮೈಗೆ ಅಂಟಿಸಿ ಇಟ್ಟುಕೊಳ್ಳಿ ಎಂದು ಹೇಳುವುದು. ಶೆಟ್ಟಿಕೆರೆಯಲ್ಲಿ ಹಿಮ ಬೀಳುವುದು ಯಾವಾಗ ಎಂದು ನಾನು ಕೇಳಿದೆ. ಅವರು ಫೋನಿನ ದನಿ ಇನ್ನಷ್ಟು ಜೋರು ಮಾಡಿದರು.

ತಿಪಟೂರಿನಲ್ಲಿ ಸ್ಟುಡಿಯೋ ಇಟ್ಟಿರುವ ವೆಂಕಟಯ್ಯ ಇವರ ಜೊತೆ ಓದಿದವರು. ಅವರ ಹತ್ತಿರ ಎಷ್ಟು ಸಲ ಹೋಗಿಬಂದರೋ ದೇವರಿಗೇ ಗೊತ್ತು. ವೆಂಕಟಯ್ಯ ಪಾಪ ಬಿಡಿಸಿ ಹೇಳಿದರಂತೆ: ಮೆಗಾಪಿಕ್ಸೆಲ್ ನೋಡಬೇಡ, ಒಳಗಿನ ಸೆನ್ಸರ್ ದೊಡ್ಡದಿರಬೇಕು, ಲೆನ್ಸಿನ ಬಾಯಿ ಅಗಲ ಇರಬೇಕು, ಜೂಮ್ ಮಾಡಿದರೆ ಬೆಳಕು ಕಮ್ಮಿಯಾಗುತ್ತದೆ, ಅದರ ಬದಲು ನೀನೇ ಎರಡು ಹೆಜ್ಜೆ ಮುಂದೆ ಹೋಗು. ನಮ್ಮ ಕಡೆಯ ಚಳಿ ಬ್ಯಾಟರಿಗೆ ಯಾವ ಲೆಕ್ಕವೂ ಅಲ್ಲ ಎಂದೂ ಹೇಳಿದ್ದರು. ಅದೊಂದನ್ನು ಮಾತ್ರ ಇವರು ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಗೆ ಯಾರೋ ಬಳಸಿ ಬಿಟ್ಟಿದ್ದ ಒಂದು ಪುಟ್ಟ ಕರಿ ಕ್ಯಾಮೆರಾವನ್ನು ವೆಂಕಟಯ್ಯನೇ ಕೊಡಿಸಿದರು. ಗುಂಡಿ ಒತ್ತಿದರೆ ಲೆನ್ಸು ಆಮೆಯ ತಲೆಯ ಹಾಗೆ ಹೊರಗೆ ಬರುತ್ತಿತ್ತು. ಅವರು ಅದನ್ನು ಕರ್ಚೀಫಿನಲ್ಲಿ ಸುತ್ತಿ, ಎದೆಗೆ ಅವಚಿಕೊಂಡು ಬಸ್ಸಿನಲ್ಲಿ ತಂದರು.

ಅಂಗಡಿಯ ಪಕ್ಕದಲ್ಲೇ ತೆಂಗಿನ ನಾರು ಬಡಿಯುವ ಶೆಡ್ಡಿದೆ. ಅದರ ಪುಡಿ ಎಲ್ಲೆಲ್ಲೂ ಹಾರುತ್ತದೆ. ತಂದ ವಾರದಲ್ಲೇ ಲೆನ್ಸು ಹೊರಗೆ ಬರುವಾಗ ಕರಕರ ಅನ್ನತೊಡಗಿತು. ನಾನು ಮಧ್ಯಾಹ್ನ ಬುತ್ತಿ ತೆಗೆದುಕೊಂಡು ಹೋದಾಗ ಅವರು ಸಣ್ಣ ಕಡ್ಡಿಯ ತುದಿಯಿಂದ ಲೆನ್ಸಿನ ಸುತ್ತ ಕೊಬ್ಬರಿ ಎಣ್ಣೆ ಸವರುತ್ತಿದ್ದರು. ಒಳಗೆ, ಹೊರಗೆ, ಒಳಗೆ, ಹೊರಗೆ ಆಡಿಸಿ ನೋಡಿ, ಈಗ ನೋಡು ಬೆಣ್ಣೆ ಇದ್ದಂಗೆ ಹೋಗ್ತದೆ ಅಂದರು. ನೋಡಿದೆ, ಹಾಗೇ ಹೋಗುತ್ತಿತ್ತು. ನನಗಾಗಲಿ ಅವರಿಗಾಗಲಿ ಅದರಲ್ಲಿ ತಪ್ಪೇನೂ ಕಾಣಲಿಲ್ಲ.

ಧನುರ್ಮಾಸ ಬಂತು. ಮೊದಲ ದಿನ ಉಳಿದ ಹೆಂಗಸರು ಹೋಗುವವರೆಗೂ ಅವರು ಹುಣಸೆಮರದ ಕೆಳಗೆ ಕಾದು, ಆಮೇಲೆ ಹತ್ತಿರ ಬಂದರು. ನಾನು ದೀಪ ಹಿಡಿದು ನಿಂತೆ. ಗುಂಡಿ ಒತ್ತಿದರು. ಲೆನ್ಸು ಅರ್ಧ ಬಂದು ನಿಂತುಬಿಟ್ಟಿತು, ಏನೋ ಅಕ್ಷರ ತೋರಿಸಿ ಕ್ಯಾಮೆರಾ ಆರಿಹೋಯಿತು. ನೋಡಿದೆಯಾ, ಚಳಿಗೆ ಬ್ಯಾಟರಿ ಸತ್ತಿತು, ನಾನು ಹೇಳಿರಲಿಲ್ಲವಾ ಎಂದು ಗೆದ್ದವರ ಹಾಗೆ ಹೇಳಿದರು. ಹೊತ್ತೇರಿದ ಮೇಲೆ ಅಂಗಡಿಯಲ್ಲಿ ಅದೇ ಕ್ಯಾಮೆರಾ ಚೆನ್ನಾಗಿ ನಡೆಯಿತು. ಮತ್ತೆ ಮಾರನೆಯ ಬೆಳಗ್ಗೆ ಕಟ್ಟೆಯ ಹತ್ತಿರ ಅದೇ ಕಥೆ. ಇನ್ನೊಂದು ಬ್ಯಾಟರಿ ತಂದು ಕಂಕುಳಲ್ಲಿ ಇಟ್ಟುಕೊಂಡು ಬಂದರು. ಅದೂ ಆಗಲಿಲ್ಲ. ಬೇರೆಯವರೆಲ್ಲ ಸುತ್ತು ಮುಗಿಸಿ ಮನೆಗೆ ಹೋಗಿ ಬಿಸಿ ಕಾಫಿ ಕುಡಿಯುವಾಗ ನಾನು ಒದ್ದೆ ತಲೆಯಲ್ಲಿ ಕೆರೆ ಗಾಳಿಗೆ ಮುಖ ಕೊಟ್ಟು ನಿಂತಿರುತ್ತಿದ್ದೆ. ಬೈಯುತ್ತಿದ್ದೆ, ಆದರೂ ಹೋಗುತ್ತಿದ್ದೆ. ಯಾಕೆಂದರೆ ಆ ಫೋಟೋ ನನಗೂ ಬೇಕಾಗಿತ್ತು. ಅವರು ಅವತ್ತು ಏನು ಕಂಡರೋ ಅದನ್ನು ನಾನೂ ಒಂದು ಸಲ ನೋಡಬೇಕಾಗಿತ್ತು.

ಸಂಕ್ರಾಂತಿ ಹತ್ತಿರ ಬರುತ್ತಿತ್ತು. ಅವತ್ತೊಂದು ಬೆಳಗ್ಗೆ ಎದ್ದಾಗಲೇ ನನ್ನ ಎಡಗಿವಿಯ ಹಿಂದೆ ನೋವು, ಕೆನ್ನೆ ಮರಗಟ್ಟಿದ ಹಾಗೆ. ಇವತ್ತು ಬೇಡ ಕಣ್ರೀ, ಪೂಜೆ ಮುಗಿಸಿ ಎಲ್ಲರ ಜೊತೆ ಬಂದುಬಿಡುತ್ತೇನೆ ಎಂದೆ. ಅವರು ಬಚ್ಚಲ ಒಲೆಯ ಮುಂದೆ ಕೂತು ಕ್ಯಾಮೆರಾವನ್ನು ಬೆಂಕಿಗೆ ಹಿಡಿದು ಕಾಯಿಸುತ್ತಿದ್ದರು. ನನ್ನ ಕಡೆ ತಿರುಗಲಿಲ್ಲ.

“ಇವತ್ತೊಂದಿನ ಕಣೇ. ಇವತ್ತು ಬಂದೇ ಬತ್ತದೆ” ಅಂದರು.

ಬಂತು. ಮಫ್ಲರಿನಲ್ಲಿ ಸುತ್ತಿ ತಂದಿದ್ದ ಕ್ಯಾಮೆರಾ ತೆಗೆದು ಒತ್ತಿದರೆ ಲೆನ್ಸು ಪೂರ್ತಿ ಹೊರಗೆ ಬಂತು. ನನಗೂ ಖುಷಿಯಾಗಿ ನಕ್ಕೆ. ತೆಗೆದರು. ತೆಗೆದದ್ದನ್ನು ಹಿಂದಿನ ಪರದೆಯಲ್ಲಿ ನೋಡಿ ಹುಬ್ಬು ಗಂಟಿಕ್ಕಿದರು.

“ನೆಟ್ಟಗೆ ನಗೇ.”

“ನೆಟ್ಟಗೇ ನಗ್ತಿದ್ದೀನಿ ಕಣ್ರೀ.”

“ಸೊಟ್ಟ ಮೂತಿ ಮಾಡ್ಬೇಡ ವನಜಾ, ಇದ್ರಲ್ಲೂ ಆಟ ಆಡ್ಬೇಡ. ಬೇಗ ತೆಗೀಬೇಕು.”

ನಾನು ಅವರನ್ನು ಅಣಕಿಸುತ್ತಿದ್ದೇನೆ ಅಂದುಕೊಂಡಿದ್ದರು. ಮತ್ತೆ ತೆಗೆದರು, ಮತ್ತೆ ನೋಡಿದರು, ಲೆನ್ಸಿನದೇ ದೋಷ ಇರಬೇಕು ಎಂದು ಗೊಣಗಿದರು. ಲೆನ್ಸು ಮತ್ತೆ ಸಿಕ್ಕಿಕೊಳ್ಳುವವರೆಗೂ ನನ್ನನ್ನು ಹಾಗೇ ನಿಲ್ಲಿಸಿ ತೆಗೆದರು. ಮನೆಗೆ ಬಂದು ಕಾಫಿ ಬಾಯಿಗಿಟ್ಟರೆ ಎಡಗಡೆಯಿಂದ ಸುರಿದು ಸೀರೆಯ ಮೇಲೆ ಬಿತ್ತು. ನಮ್ಮತ್ತೆ ನನ್ನ ಮುಖ ನೋಡಿ ಲೋಟ ಕೆಳಗಿಟ್ಟರು. ಕನ್ನಡಿ ಮುಂದೆ ಹೋಗಿ ನಿಂತರೆ ನನ್ನ ಎಡಗಣ್ಣು ಮುಚ್ಚುತ್ತಿಲ್ಲ, ಬಾಯಿ ಬಲಗಡೆಗೆ ಎಳೆದುಕೊಂಡಿದೆ. ನಾನು ಅಳುವುದಕ್ಕೆ ಹೋದರೆ ಅದೂ ಒಂದೇ ಕಡೆ ಬಂತು.

ತಿಪಟೂರಿನ ಡಾಕ್ಟರು ಕೈಕಾಲು ಎತ್ತಿಸಿ ನೋಡಿ, ಲಕ್ವ ಅಲ್ಲ, ಮುಖದ ನರ ಊದಿಕೊಂಡಿದೆ, ಮಾತ್ರೆಗೂ ವ್ಯಾಯಾಮಕ್ಕೂ ಬಹುಪಾಲು ಸರಿಹೋಗುತ್ತದೆ ಅಂದರು. ಚಳಿಯಲ್ಲಿ ನಿಂತದ್ದಕ್ಕೇ ಆಯಿತಾ ಎಂದು ನಮ್ಮವರು ಕೇಳಿದರು. ಹಾಗೆ ಹೇಳುವುದಕ್ಕಾಗುವುದಿಲ್ಲ, ಮನೆಯಲ್ಲಿ ಬೆಚ್ಚಗೆ ಮಲಗಿದವರಿಗೂ ಬರುತ್ತದೆ ಎಂದರು ಡಾಕ್ಟರು. ಅದನ್ನು ನಾನು ಎರಡು ಕಿವಿಯಲ್ಲೂ ಕೇಳಿದೆ. ಅವರು ಒಂದರಲ್ಲೂ ಕೇಳಿಸಿಕೊಳ್ಳಲಿಲ್ಲ.

ಕೇಳಿಸಿಕೊಂಡರೂ ನಮ್ಮೂರು ಬಿಡಬೇಕಲ್ಲ. ಶೀತಗಾಳಿ ಹೊಡೆದರೆ ಬಾಯಿ ಸೊಟ್ಟಗಾಗುತ್ತದೆ ಎನ್ನುವುದು ಇಲ್ಲಿ ಹುಟ್ಟಿದ ಮಕ್ಕಳಿಗೂ ಗೊತ್ತು. ಪಾರಿವಾಳದ ರಕ್ತ ತಿಕ್ಕಿ ಎಂದವರೆಷ್ಟೋ. ನಮ್ಮತ್ತೆಯಂತೂ ಮಗನಿಗೆ ಎದುರಿಗೇ ಹೇಳಿದರು: “ಹೆಂಡ್ತಿನ ಗಾಳಿಗೆ ನಿಲ್ಸಿ ಪಟ ತೆಗ್ದಲ್ಲಾ, ಈಗ ನೋಡ್ಕೋ ಕಣ್ಲಾ.” ಅವರು ನೋಡಲಿಲ್ಲ. ಅದೇ ನನಗೆ ಸಹಿಸಲಾಗದೆ ಹೋದದ್ದು. ನನ್ನ ಸ್ನಾನಕ್ಕೆ ಅವರೇ ನೀರು ಕಾಯಿಸುತ್ತಿದ್ದರು, ಕಣ್ಣಿಗೆ ಡ್ರಾಪ್ಸ್ ಹಾಕುತ್ತಿದ್ದರು, ಬಸ್ಸಿನಲ್ಲಿ ಕಿಟಕಿ ಮುಚ್ಚುವುದಕ್ಕೆ ಕಂಡಕ್ಟರ ಹತ್ತಿರ ಜಗಳಕ್ಕೆ ನಿಲ್ಲುತ್ತಿದ್ದರು. ಆದರೆ ಮಾತಾಡಿದರೆ ನನ್ನ ಹೆಗಲ ಜೊತೆ ಮಾತಾಡುತ್ತಿದ್ದರು. ನನ್ನ ಮುಖ ಹಿಂಗೈತೆ ಅಂತ ಗೊತ್ತೇ ಇರಲಿಲ್ಲ ಅಂದ ಮನುಷ್ಯ ಈಗ ಆ ಮುಖದ ಕಡೆ ಕಣ್ಣೆತ್ತುವುದಿಲ್ಲ. ಕ್ಯಾಮೆರಾವನ್ನು ಬೀರುವಿನಲ್ಲಿ ಬಟ್ಟೆಗಳ ಕೆಳಗೆ ತುರುಕಿಟ್ಟಿದ್ದರು. ಡಾಕ್ಟರು ಹೇಳಿದ್ದನ್ನು ನಾನು ಎಷ್ಟು ಸಲ ನೆನಪಿಸಿದರೂ ಹೂಂ ಅನ್ನುತ್ತಿದ್ದರು ಅಷ್ಟೆ. ಬಾಯಿ ಹೋದರೆ ಹೋಗಲಿ, ಗಂಡ ಹೋಗುತ್ತಿದ್ದಾನಲ್ಲ ಎಂದು ನನಗೆ ದಿಗಿಲಾಯಿತು.

ಶಿವರಾತ್ರಿಗೆ ಮುಂಚೆ ಇನ್ನೂ ಚಳಿ ಇರುವಾಗ ಒಂದು ಬೆಳಗ್ಗೆ ತಲೆಗೆ ಹಚ್ಚಿಕೊಳ್ಳಲು ಎಣ್ಣೆ ಶೀಶೆ ಬಗ್ಗಿಸಿದೆ. ಬೀಳಲಿಲ್ಲ, ಹೆಪ್ಪುಗಟ್ಟಿತ್ತು. ಪ್ರತಿ ಚಳಿಗಾಲದಲ್ಲೂ ಹಾಗೇ, ಬಿಸಿಲಿಗಿಟ್ಟು ಕರಗಿಸಿಕೊಳ್ಳುತ್ತೇವೆ. ಜಗುಲಿಯಲ್ಲಿ ಶೀಶೆ ಇಟ್ಟು ಕೈ ಒರೆಸಿಕೊಳ್ಳುವಾಗ ನನಗೆ ಹೊಳೆಯಿತು. ಕಡ್ಡಿಯ ತುದಿಯಲ್ಲಿ ಅವರು ಸವರಿದ್ದು ಇದನ್ನೇ ಅಲ್ಲವೇ! ಮಧ್ಯಾಹ್ನ ನಡೆಯುತ್ತಿದ್ದದ್ದು ಬೆಳಗ್ಗೆ ನಿಲ್ಲುತ್ತಿದ್ದದ್ದು ಬ್ಯಾಟರಿಯಿಂದ ಅಲ್ಲ. ಅಯ್ಯೋ ನಮ್ಮ ಬುದ್ಧಿಗಿಷ್ಟು. ತೆಂಗಿನ ಸೀಮೆಯಲ್ಲಿ ಹುಟ್ಟಿ ಬೆಳೆದ ಇಬ್ಬರಿಗೂ ಹೊಳೆಯಲಿಲ್ಲವಲ್ಲ ಎಂದು, ಆ ಸೊಟ್ಟ ಬಾಯಲ್ಲೇ ನಗುತ್ತಾ ಒಳಗೆ ಓಡಿದೆ. ಎಷ್ಟೋ ದಿನವಾಗಿತ್ತು ನಕ್ಕು. ಅವರೂ ಹಣೆ ಬಡಿದುಕೊಂಡು ನಗುತ್ತಾರೆ, ಇದೆಲ್ಲ ಮುಗಿಯುತ್ತದೆ ಅಂದುಕೊಂಡಿದ್ದೆ.

ಅವರು ಅಂಗಿ ಹಾಕಿಕೊಳ್ಳುತ್ತಿದ್ದರು. ಹೇಳಿದೆ. ಅವರಿಗೆ ಆಶ್ಚರ್ಯವೇ ಆಗಲಿಲ್ಲ. ಗುಂಡಿ ಹಾಕುತ್ತಿದ್ದ ಕೈ ನಿಂತಿತು.

“ನಂಗೆ ಗೊತ್ತಿತ್ತು” ಅಂದರು.

“ಯಾವಾಗಿಂದ?”

“ಆವತ್ತು ಪಟ ಬಂತಲ್ಲ, ಅದ್ರ ಹಿಂದಿನ ದಿನದಿಂದ. ಅಂಗಡಿ ಬಾಗ್ಲು ತೆಗ್ದು ನೋಡಿದ್ರೆ ಲೆನ್ಸ್ ಸುತ್ತ ಬೆಳ್ಳಗೆ ಕೂತಿತ್ತು. ಉಗುರಲ್ಲಿ ಕೆರೆದು ನೋಡ್ದೆ. ಎಣ್ಣೆ.”

“ಮತ್ತೆ ಯಾಕ್ರೀ ಕರೆದ್ರಿ ನನ್ನ? ಕಿವಿ ನೋಯ್ತೈತೆ ಅಂತ ಹೇಳ್ಲಿಲ್ವಾ ನಾನು? ತಿಪಟೂರ್ಗೆ ಒಯ್ದು ಕ್ಲೀನ್ ಮಾಡ್ಸಿದ್ರೆ ಆಗ್ತಿರ್ಲಿಲ್ವಾ?”

ಅವರು ನೆಲ ನೋಡುತ್ತಾ ನಿಂತಿದ್ದರು. ಇಷ್ಟು ದಿನ ಡಾಕ್ಟರ ಮಾತು ಯಾಕೆ ಅವರಿಗೆ ನಾಟಲಿಲ್ಲ ಎಂದು ನನಗೆ ಆಗ ಗೊತ್ತಾಯಿತು.

“ಕ್ಲೀನ್ ಮಾಡ್ಸಕ್ಕೆ ಹೋದ್ರೆ ನಿಂಗೆ ಹೇಳ್ಬೇಕಾಗ್ತಿತ್ತು. ಕ್ಯಾಮೆರಾಕ್ಕೆ ಎಣ್ಣೆ ಬಿಟ್ಟೆ ಅಂತ ನೀನು ನಗ್ತಿದ್ದೆ. ಕಟ್ಟೆ ತಾವ ಎಲ್ರಿಗೂ ಹೇಳಿ ನಗ್ತಿದ್ದೆ. ಒಲೆಗೆ ಹಿಡಿದ್ರೆ ಒಂದ್ ಗಳಿಗೆ ನಡೀತದೆ, ಅಷ್ಟ್ರಲ್ಲಿ ಪಟ ತೆಗೆದ್ಬುಟ್ರೆ ಯಾರಿಗೂ ಗೊತ್ತಾಗಲ್ಲ ಅಂದ್ಕಂಡೆ. ನಿನ್ನ ನಗೂಗೆ ಹೆದರ್ಕೊಂಡ್ ನಿನ್ನ ನಗೂನೇ ಕಳೆದ್ಬುಟ್ಟೆ ಕಣೇ.”

ಸಿಟ್ಟು ಬಂತು. ಸುಳ್ಳೇಕೆ ಹೇಳಲಿ, ಕೈಯಲ್ಲಿದ್ದ ಟವೆಲ್ಲನ್ನು ಅವರ ಮೇಲೆ ಎಸೆದೆ. ಬೈಯುವುದಕ್ಕೆ ಶುರುಮಾಡಿದೆ. ಎಡಗಡೆಯ ತುಟಿ ಕೂಡದೆ ಅರ್ಧ ಬೈಗುಳ ಗಾಳಿಯಾಗಿ ಹೋಯಿತು. ಅವರು ಬಿದ್ದ ಟವೆಲ್ಲನ್ನು ಎತ್ತಿ ಮಡಿಸುತ್ತಾ ಬೈಸಿಕೊಂಡರು. ಬೈದು ಸುಸ್ತಾಗಿ ಕೂತ ಮೇಲೆ ಇನ್ನೊಂದು ನನ್ನ ತಲೆಗೆ ಹತ್ತಿತು. ಗಂಗಯ್ಯನ ಮೋಟಾರಿನ ಕಥೆ ಹೇಳುವಾಗ, ಬದನೆಕಾಯಿ ಕಥೆ ಹೇಳುವಾಗ, ಇಪ್ಪತ್ತು ವರ್ಷ ಅವರು ತಲೆ ತಗ್ಗಿಸಿ ನಗುತ್ತಿದ್ದಾರೆ ಎಂದೇ ನಾನು ಅಂದುಕೊಂಡಿದ್ದೆ. ತಗ್ಗಿಸಿದ ಮುಖದಲ್ಲಿ ಏನಿದೆ ಎಂದು ಬಗ್ಗಿ ನೋಡಿದವಳೇ ಅಲ್ಲ.

ಇನ್ನು ಯಾರ ಮುಂದೆಯೂ ನಿಮ್ಮನ್ನು ಆಡಿಕೊಳ್ಳುವುದಿಲ್ಲ ಎಂದೆ. ಅದಕ್ಕೆ ಅವರು ಗಾಬರಿಯಾದವರ ಹಾಗೆ ನನ್ನ ಕಡೆ ನೋಡಿದರು. ಅಷ್ಟು ದಿನಕ್ಕೆ ಮೊದಲ ಸಲ ಮುಖಕ್ಕೆ ಮುಖ ಕೊಟ್ಟರು.

“ಹಂಗನ್ಬೇಡ ಕಣೇ. ಹೇಳ್ಬುಡು. ಊರಿಗೆಲ್ಲ ಹೇಳ್ಬುಡು. ನೀನು ಮೊದ್ಲಿನಂಗೆ ನಕ್ರೆ ಸಾಕು ನಂಗೆ.”

ಈ ವರ್ಷದ ಧನುರ್ಮಾಸದಲ್ಲಿ ಹೇಳಿದೆ. ಅವರೇ ಬೈಕಿನಲ್ಲಿ ಕರೆತಂದು, ಯಾರು ಏನಂದರೂ ಅನ್ನಲಿ ಎಂದು ಕಟ್ಟೆಯ ಹತ್ತಿರವೇ ಬಂದು ನನ್ನ ಕಿವಿಗೆ ಮಫ್ಲರ್ ಸುತ್ತಿ, ಪಕ್ಕದಲ್ಲೇ ನಿಂತಿದ್ದರು. ನಮ್ಮತ್ತೆಯೂ ಸುಮ್ಮನಿದ್ದರು. ಕ್ಯಾಮೆರಾವನ್ನು ಬಚ್ಚಲ ಒಲೆಗೆ ಹಿಡಿದದ್ದು, ಬ್ಯಾಟರಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಕೋಳಿಯ ಹಾಗೆ ನಡೆದದ್ದು, ಎಲ್ಲವನ್ನೂ ಮಾಡಿ ತೋರಿಸಿದೆ. ಗೊತ್ತಿದ್ದೂ ಕರೆದರು ಎನ್ನುವ ಭಾಗವನ್ನು ಮಾತ್ರ ಹೇಳಲಿಲ್ಲ. ಹೆಂಗಸರು ಅರಳಿಮರ ಹಿಡಿದುಕೊಂಡು ನಕ್ಕರು. ನಮ್ಮತ್ತೆ ಕಣ್ಣು ಒರೆಸಿಕೊಂಡರು. ಎಲ್ಲರೂ ಅವರ ಕಡೆ ಕೈ ತೋರಿಸಿ ನಗುತ್ತಿದ್ದರೆ ಅವರು ತಲೆ ತಗ್ಗಿಸಲಿಲ್ಲ. ನಾನು ನಗುತ್ತಿದ್ದೆ, ಅವರು ನನ್ನ ಬಾಯಿಯ ಎಡತುದಿಯನ್ನೇ ನೋಡುತ್ತಿದ್ದರು, ಮೇಲಕ್ಕೆ ಏಳುತ್ತದೋ ಇಲ್ಲವೋ ಎಂದು. ಏಳುತ್ತದೆ, ಈಗ ಮುಕ್ಕಾಲು ಏಳುತ್ತದೆ. ಅವರಿಗೆ ಮಾತ್ರ ಆ ಉಳಿದ ಕಾಲು ಭಾಗವೇ ಕಾಣುವುದು.